ಕಾಣದ ಅತ್ತೆಯನ್ನ ಓದೋದು ಹೇಗೆ: 'ಎಮ್ಮಾ' ಕಾದಂಬರಿಯ ಮಿಸೆಸ್ ಚರ್ಚಿಲ್

ಜೇನ್ ಆಸ್ಟಿನ್ ಅವರ 'ಎಮ್ಮಾ' ಓದಿದವ್ರನ್ನ, ಅದ್ರಲ್ಲಿ ಫ್ರ್ಯಾಂಕ್ ಅನ್ನೋ ಹುಡುಗನ್ನ ಸಾಕಿದ ಅತ್ತೆ ಮಿಸೆಸ್ ಚರ್ಚಿಲ್ ಹೇಗೆ ಅಂತ ಕೇಳಿ ನೋಡಿ, "ಅಯ್ಯೋ ಆ ಹೆಂಗಸಾ, ಭಾರೀ ಜೋರು, ಆ ಹುಡುಗನ್ನ ಉಸಿರಾಡೋಕೂ ಬಿಡಲ್ಲ" ಅಂತ ತಕ್ಷಣ ಉತ್ತರ ಬರುತ್ತೆ. ಆಕೆಯನ್ನ ಯಾವ ಅಧ್ಯಾಯದಲ್ಲಿ ನೋಡಿದ್ರಿ ಅಂತ ಕೇಳಿದ್ರೆ ಮಾತ್ರ ಪುಟ ತಿರುವೋಕೆ ಶುರು ಮಾಡ್ತಾರೆ, ಎಲ್ಲೂ ಸಿಗಲ್ಲ. 55 ಅಧ್ಯಾಯದಲ್ಲಿ ಆಕೆ ಒಂದು ಸಲವೂ ನಮ್ಮೆದುರು ಬರಲ್ಲ, ಒಂದು ಮಾತೂ ನೇರವಾಗಿ ಆಡಲ್ಲ, ಆಕೆ ಬರೆದ ಒಂದು ಸಾಲೂ ನಮ್ಮ ಕೈಗೆ ಸಿಗಲ್ಲ, ಹುಟ್ಟುಹೆಸರೇನು ಅಂತಾನೂ ಗೊತ್ತಾಗಲ್ಲ. ಆದ್ರೂ ಕಥೆ ನಡೆಯೋ ಹೈಬರಿ ಅನ್ನೋ ಊರಲ್ಲಿ ಆಗ್ಬೇಕಾದ ಬಾಲ್, ಅಂದ್ರೆ ನೃತ್ಯಕೂಟ, ನಿಂತು ಹೋಗೋದು ಆಕೆಯಿಂದ, ತಿಂಗಳುಗಳಾದ್ಮೇಲೆ ಅದೇ ಬಾಲ್ ನಡಿಯೋಕೆ ದಾರಿ ಆಗೋದೂ ಆಕೆಯಿಂದ, ಒಂದು ಗುಟ್ಟಿನ ನಿಶ್ಚಿತಾರ್ಥ ಗುಟ್ಟಾಗೇ ಉಳಿಯೋದು ಆಕೆ ಹೆಸರಲ್ಲಿ, ಅದು ಬಯಲಾಗೋದು ಆಕೆ ಸತ್ತ ಮೇಲೆ.

ಇಂಥ ಪಾತ್ರವನ್ನ ಓದೋಕೆ ಒಂದು ಕ್ರಮ ಬೇಕು. ಮುಂಬೈನ ಮಾಟುಂಗಾ, ಮುಲುಂಡ್, ಹತ್ತಿರದ ಡೊಂಬಿವ್ಲಿ ಕಡೆಯ ನಾವು ಕೆಲವು ಕನ್ನಡದವ್ರು ಭಾನುವಾರ ಸೇರಿ ಓದ್ತೀವಿ, ಬ್ಯಾಂಕಿಂದ ರಿಟೈರ್ ಆದವ್ರಿದಾರೆ, ಶಾಲೆಯಲ್ಲಿ ಪಾಠ ಮಾಡಿದವ್ರಿದಾರೆ, ಕಾಲೇಜಿಗೆ ಹೋಗೋ ಹುಡುಗ್ರೂ ಇದಾರೆ. ಅಲ್ಲಿ ಮಾಡ್ತಾ ಮಾಡ್ತಾ ಒಂದು ರೀತಿ ಹದಕ್ಕೆ ಬಂದಿದೆ, ಅದನ್ನ ಇಲ್ಲಿ ಬರೀತಿದೀನಿ, ಒಬ್ರೇ ಓದೋರಿಗೂ ಆಗುತ್ತೆ, ಗುಂಪಿಗೂ ಆಗುತ್ತೆ. ಕಥೆಯ ಕೊನೆ ಗೊತ್ತಾಗ್ಬಾರ್ದು ಅನ್ನೋರು ಮೊದ್ಲು ಕಾದಂಬರಿ ಮುಗಿಸಿ ಆಮೇಲೆ ಬನ್ನಿ, ಯಾಕಂದ್ರೆ ಗುಟ್ಟು ಮುಚ್ಚಿಟ್ಕೊಂಡು ಈ ಅತ್ತೆ ಬಗ್ಗೆ ಮಾತಾಡೋಕೆ ಆಗಲ್ಲ.

ಪುಸ್ತಕದ ವಿಷಯ ಮೊದ್ಲು. ಕಿಂಗ್ಸ್ ಸರ್ಕಲ್ ಫುಟ್‌ಪಾತ್‌ನ ಹಳೇ ಪುಸ್ತಕದ ಅಂಗಡಿಗಳಲ್ಲಿ ಹುಡುಕಿ, ಇಲ್ಲಾಂದ್ರೆ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಿಂದ ಫೋನಿಗೆ ಫ್ರೀ ಇಳಿಸ್ಕೊಳ್ಳಿ, ಹಕ್ಕುಸ್ವಾಮ್ಯ ಮುಗಿದು ಯಾವ ಕಾಲವೋ ಆಗಿದೆ. ನಾನು ಎರಡೂ ಇಟ್ಕೊಳ್ಳಿ ಅಂತೀನಿ, ಪುಸ್ತಕ ಪೆನ್ಸಿಲ್ ಗುರುತಿಗೆ, ಫೋನು ಸರ್ಚ್ ಮಾಡೋಕೆ. 1815ರ ಡಿಸೆಂಬರಲ್ಲಿ ಇದು ಮೊದಲು ಬಂದಾಗ ಮೂರು ಸಂಪುಟ ಇತ್ತು, ಅದಕ್ಕೇ ಕೆಲವು ಪ್ರತಿಗಳಲ್ಲಿ ಪ್ರತಿ ಸಂಪುಟದಲ್ಲೂ ಅಧ್ಯಾಯದ ನಂಬರ್ ಮತ್ತೆ 1ರಿಂದ ಶುರುವಾಗುತ್ತೆ, ಕೆಲವಲ್ಲಿ 1ರಿಂದ 55ರವರೆಗೆ ಒಂದೇ ಸಮ ಹೋಗುತ್ತೆ. ಮೊದಲ ಎರಡು ಸಂಪುಟದಲ್ಲಿ 18-18 ಅಧ್ಯಾಯ, ಕೊನೇದ್ರಲ್ಲಿ 19. ಗುಂಪಲ್ಲಿ ಎಲ್ರೂ ಒಂದೇ ಲೆಕ್ಕಕ್ಕೆ ಬರದಿದ್ರೆ ಅರ್ಧ ಗಂಟೆ ಪುಟ ಹುಡುಕೋದ್ರಲ್ಲೇ ಹೋಗುತ್ತೆ. ಇಲ್ಲಿ ನಾನು 1ರಿಂದ 55ರ ಲೆಕ್ಕ ಹಿಡಿದಿದೀನಿ. ಮುನ್ನುಡಿ ಇದ್ರೆ ಈಗ ಓದ್ಬೇಡಿ, ಪಾತ್ರಗಳ ಬಗ್ಗೆ ಇನ್ನೊಬ್ರ ತೀರ್ಪು ತಲೇಲಿ ಕೂತ್ಬಿಟ್ರೆ ಈ ಕೆಲಸ ಆಗಲ್ಲ.

ಫೋನಲ್ಲಿ ಸರ್ಚ್ ಮಾಡುವಾಗ ಚರ್ಚಿಲ್ ಅಂತ ಒಂದೇ ಪದ ಹಾಕಿದ್ರೆ ರಾಶಿ ಬರುತ್ತೆ, ಯಾಕಂದ್ರೆ ಫ್ರ್ಯಾಂಕ್ ಚರ್ಚಿಲ್ ಅನ್ನೋ ಹುಡುಗ ಇದಾನೆ, ಅವನ ಸೋದರಮಾವ ಮಿಸ್ಟರ್ ಚರ್ಚಿಲ್ ಇದಾರೆ, 2ನೇ ಅಧ್ಯಾಯದಲ್ಲಿ ಮಿಸ್ ಚರ್ಚಿಲ್ ಬರ್ತಾಳೆ, ಅವಳು ಫ್ರ್ಯಾಂಕ್‌ನ ತಾಯಿ, ಅತ್ತೆ ಅಲ್ಲ. ನಮಗೆ ಬೇಕಾದವ್ಳು ಸೋದರಮಾವನ ಹೆಂಡತಿ. ಜೊತೆಗೆ ಎನ್ಸ್‌ಕಂ ಅಂತಾನೂ ಹುಡುಕಿ, ಯಾರ್ಕ್‌ಶೈರಲ್ಲಿರೋ ಅವರ ದೊಡ್ಡ ಮನೆ ಅದು, ಎಷ್ಟೋ ಕಡೆ ಆಕೆ ಹೆಸರು ಹೇಳೋ ಬದಲು ಮನೆ ಹೆಸರೇ ಹೇಳ್ತಾರೆ, ಎನ್ಸ್‌ಕಂ ಒಪ್ತು, ಎನ್ಸ್‌ಕಂಗೆ ಇಷ್ಟ ಆಗ್ಲಿಲ್ಲ ಅನ್ನೋ ಥರ.

ಮೊದಲ ಓದಿನಲ್ಲಿ ಏನೂ ಬರೀಬೇಡಿ. ಟ್ರೇನಲ್ಲಿ ನಿಂತೋ ಕೂತೋ ಓದ್ತಾ ಆಕೆ ಪ್ರಸ್ತಾಪ ಬಂದ ಕಡೆ ಒಂದು ಚುಕ್ಕೆ ಇಟ್ಟು ಮುಂದೆ ಹೋಗಿ, ಕಥೆ ಕಥೆಯಾಗೇ ಹೋಗ್ಲಿ. ಪೂರ್ತಿ ಮುಗಿದ ಮೇಲೆ ಚುಕ್ಕೆ ಇರೋ ಜಾಗಕ್ಕೆ ಮಾತ್ರ ವಾಪಸ್ ಬನ್ನಿ. ನನ್ನ ಪ್ರಕಾರ ತಪ್ಪಿಸಬಾರದ ಅಧ್ಯಾಯಗಳು 2, 14, 18, 30, 36, 37, 42, 45, 46, 50. ಟೈಮ್ ಕಮ್ಮಿ ಇದ್ರೆ 42 ಬಿಡಿ, ಅಲ್ಲಿ ಸ್ಟ್ರಾಬೆರಿ ಕೀಳೋಕೆ ಎಲ್ಲಾ ಸೇರಿದ ದಿನ ಅತ್ತೆಗೆ ಹುಷಾರಿಲ್ಲ ಅಂತ ಫ್ರ್ಯಾಂಕ್ ತಡವಾಗಿ ಬರ್ತಾನೆ, ಅಷ್ಟೇ ನಮಗೆ ಬೇಕಾಗಿರೋದು.

ಈಗ ಒಂದು ನೋಟ್‌ಬುಕ್ ತಗೊಂಡು ನಾಲ್ಕು ಕಾಲಂ ಎಳೀರಿ. ಯಾರು ಹೇಳಿದ್ದು, ಯಾರ ಹತ್ರ ಹೇಳಿದ್ದು, ಕಣ್ಣಾರೆ ಕಂಡಿದ್ದಾ ಕೇಳಿದ್ದಾ, ಹಾಗೆ ಹೇಳೋದ್ರಿಂದ ಹೇಳಿದವ್ರಿಗೆ ಏನು ಸಿಗುತ್ತೆ. ಈ ನಾಲ್ಕನೇ ಕಾಲಂ ತುಂಬೋದು ಕಷ್ಟ, ಆದ್ರೆ ಇಡೀ ಕೆಲಸದ ಜೀವ ಅದ್ರಲ್ಲೇ ಇದೆ, ಅದನ್ನ ಖಾಲಿ ಬಿಟ್ಟು ಮುಂದೆ ಹೋಗ್ಬೇಡಿ.

14ನೇ ಅಧ್ಯಾಯದಿಂದ ಶುರು ಮಾಡಿ. ಕಥೆಯ ನಾಯಕಿ ಎಮ್ಮಾಳ ಅಕ್ಕ ಇಸಬೆಲ್ಲಾ, ಆ ಹುಡುಗನ್ನ ನೆನೆಸ್ಕೊಂಡ್ರೆ ಪಾಪ ಅನ್ಸುತ್ತೆ, ಸಿಡುಕಿನ ಹೆಂಗಸಿನ ಜೊತೆ ದಿನಾ ಬದುಕೋದು ಅಂದ್ರೆ ಏನು, ಸದ್ಯ ಆಕೆಗೆ ಮಕ್ಕಳಾಗ್ಲಿಲ್ಲ, ಆಗಿದ್ರೆ ಆ ಕೂಸುಗಳ ಗತಿ ಏನಾಗ್ತಿತ್ತೋ ಅನ್ನೋ ಅರ್ಥದಲ್ಲಿ ಮಾತಾಡ್ತಾಳೆ. ಇಸಬೆಲ್ಲಾ ಕೆಟ್ಟವಳಲ್ಲ, ತುಂಬಾ ಮೃದು ಮನಸ್ಸಿನ ಹೆಣ್ಣುಮಗಳು, ಐದು ಮಕ್ಕಳ ತಾಯಿ, ಆ ಮರುಕ ನಿಜವಾದದ್ದೇ. ಆದ್ರೆ ಆಕೆಗೆ ಮಿಸೆಸ್ ಚರ್ಚಿಲ್ ಬಗ್ಗೆ ಕೇಳಿದ ಮಾತು ಬಿಟ್ಟು ಬೇರೇನೂ ಆಧಾರ ಇಲ್ಲ. ಒಬ್ಬ ಒಳ್ಳೇ ಮನುಷ್ಯ, ಕಾಣದ ಇನ್ನೊಬ್ರಿಗೆ ಮಕ್ಕಳಾಗದ್ದೇ ಒಳ್ಳೇದಾಯ್ತು ಅನ್ನೋವರೆಗೆ ಹೋಗೋದು ಹೇಗೆ ಸಾಧ್ಯ ಆಗುತ್ತೆ ಅಂತ ಅಲ್ಲಿ ನಿಂತು ಯೋಚನೆ ಮಾಡಿ. ಗುಂಪಲ್ಲಿ ಈ ಸಾಲನ್ನ ಜೋರಾಗಿ ಓದಿಸಿ. ಎಲ್ರಿಗೂ ತಮ್ಮ ತಮ್ಮ ಮನೆ ಮಾತುಕತೆ ನೆನಪಾಗುತ್ತೆ, ಅದನ್ನ ಹೇಳಿಸೋಕೆ ಹೋಗ್ಬೇಡಿ, ಕಾಲಂ ತುಂಬಿ ಮುಂದೆ ಹೋಗಿ.

18ನೇ ಅಧ್ಯಾಯದಲ್ಲಿ ಎಮ್ಮಾಗೂ ಅವಳ ಮನೆಯವ್ರ ಹಳೇ ಸ್ನೇಹಿತ ಮಿಸ್ಟರ್ ನೈಟ್ಲಿಗೂ ವಾದ ಆಗುತ್ತಲ್ಲ, ಫ್ರ್ಯಾಂಕ್ ತಂದೆಯನ್ನ ನೋಡೋಕೆ ಯಾಕೆ ಬರ್ಲಿಲ್ಲ ಅಂತ, ಅಲ್ಲಿ ಎರಡು ವಿಷಯ ಹಿಡ್ಕೊಳ್ಳಿ. ಅತ್ತೆ ಬಿಡ್ತಿಲ್ಲ ಅಂತ ಎಮ್ಮಾ ಫ್ರ್ಯಾಂಕ್ ಪರ ವಾದಿಸ್ತಾಳೆ, ಆದ್ರೆ ಅದು ಆಕೆಯ ನಿಜವಾದ ಅಭಿಪ್ರಾಯವೇ ಅಲ್ಲ, ಫ್ರ್ಯಾಂಕ್‌ನ ತಂದೆ ಹೊಸದಾಗಿ ಮದುವೆಯಾದ ಮಿಸೆಸ್ ವೆಸ್ಟನ್ ಹೇಳಿದ ಮಾತನ್ನ ಎರವಲು ತಗೊಂಡು ಆಡ್ತಿದಾಳೆ ಅಂತ ಕಾದಂಬರಿಯೇ ನಮಗೆ ಹೇಳ್ಬಿಡುತ್ತೆ. ಅಂದ್ರೆ ಅತ್ತೆ ಮೇಲಿನ ಆರೋಪ ಇಲ್ಲಿ ಒಬ್ರ ಬಾಯಿಂದ ಇನ್ನೊಬ್ರ ಬಾಯಿಗೆ ಹೋಗಿದೆ, ಎರಡನೆಯವ್ರಿಗೆ ಅದ್ರಲ್ಲಿ ನಂಬಿಕೆ ಇಲ್ಲದೇನೂ ಹೋಗಿದೆ. ಇನ್ನೊಂದು, ನೈಟ್ಲಿ ವೇಮತ್ ಅನ್ನೋ ಸಮುದ್ರತೀರದ ಊರಿನ ಹೆಸರು ತೆಗೀತಾರೆ. ಮೊನ್ನೆ ಮೊನ್ನೆ ಅಲ್ಲಿಗೆ ಹೋಗಿದ್ನಲ್ಲ, ಹಾಗಾದ್ರೆ ಅವನಿಗೆ ಮನೆ ಬಿಟ್ಟು ಬರೋಕೆ ಆಗುತ್ತೆ ಅಂತಾಯ್ತಲ್ಲ ಅಂತಾರೆ. ಈ ಒಂದು ಮಾತಿಗೆ ದೊಡ್ಡ ಗೆರೆ ಹಾಕಿ. ಫ್ರ್ಯಾಂಕ್ ಜೇನ್ ಫೇರ್‌ಫ್ಯಾಕ್ಸ್ ಅನ್ನೋ ಹುಡುಗಿ ಜೊತೆ ಗುಟ್ಟಾಗಿ ನಿಶ್ಚಿತಾರ್ಥ ಮಾಡ್ಕೊಂಡಿದ್ದು ಆ ವೇಮತ್‌ನಲ್ಲೇ.

36ನೇ ಅಧ್ಯಾಯಕ್ಕೆ ಒಂದು ಇಡೀ ಭಾನುವಾರ ಕೊಟ್ರೂ ನಷ್ಟ ಇಲ್ಲ. ಫ್ರ್ಯಾಂಕ್‌ನ ತಂದೆ ಮಿಸ್ಟರ್ ವೆಸ್ಟನ್, ಊರಿಗೆಲ್ಲಾ ಬೇಕಾದ ನಗುಮುಖದ ಮನುಷ್ಯ, ಊರಿಗೆ ಹೊಸದಾಗಿ ಮದುವೆಯಾಗಿ ಬಂದ ಮಿಸೆಸ್ ಎಲ್ಟನ್ ಹತ್ರ ಕೂತು ಮಾತಾಡ್ತಾರೆ. ಫ್ರ್ಯಾಂಕ್ ಮುಖ ನೋಡಿ ನಾನು ಆಕೆ ಬಗ್ಗೆ ಕೆಟ್ಟದ್ದು ಆಡಲ್ಲ ಅಂತಾರೆ, ಎಲ್ರ ಹತ್ರ ಹೇಳಲ್ಲ ಆದ್ರೆ ನನಗೆ ಆಕೆ ಕಾಯಿಲೆ ಮೇಲೆ ಅಷ್ಟು ನಂಬಿಕೆ ಇಲ್ಲ ಅಂತಾರೆ, ಅಷ್ಟಕ್ಕೇ ನಿಲ್ಲದೆ ಆಕೆ ಹುಟ್ಟಿದ ಮನೆ ಏನೂ ದೊಡ್ಡದಲ್ಲ, ಚರ್ಚಿಲ್ ಮನೆಗೆ ಸೊಸೆಯಾಗಿ ಬಂದ್ಮೇಲೆ ಆ ಮನೆಯವ್ರನ್ನೇ ಮೀರಿಸೋ ಜಂಬ ಬಂತು ಅಂತಾನೂ ಹೇಳ್ತಾರೆ. ನಡೆದು ಮನೆ ಪಕ್ಕದ ಗಾಜಿನ ತೋಟಕ್ಕೆ ಹೋಗೋಕೂ ಗಂಡನ ತೋಳು ಅಳಿಯನ ತೋಳು ಎರಡೂ ಬೇಕು ಅಂತಿದ್ದವ್ಳು ಈಗ ದಾರೀಲಿ ಎರಡೇ ರಾತ್ರಿ ತಂಗಿ ಲಂಡನ್‌ಗೆ ಬರ್ತೀನಿ ಅಂತಾಳೆ ಅನ್ನೋದು ಅವರ ಅನುಮಾನಕ್ಕೆ ಕಾರಣ. ಎನ್ಸ್‌ಕಂನಿಂದ ಲಂಡನ್ 190 ಮೈಲಿ, ಅಂದ್ರೆ 300 ಕಿಲೋಮೀಟರ್ ದಾಟುತ್ತೆ, ಮುಂಬೈ-ಪುಣೆ ದೂರದ ಎರಡರಷ್ಟು, ಕುದುರೆಗಾಡಿಯಲ್ಲಿ. ವೆಸ್ಟನ್‌ಗೆ ಈ ಅವಸರ ಕಾಯಿಲೆ ಸುಳ್ಳು ಅನ್ನೋದಕ್ಕೆ ಸಾಕ್ಷಿ. ನೀವು ಅದೇ ಸಂಗತಿಯನ್ನ ಇನ್ನೊಂದು ಕಡೆಯಿಂದ ನೋಡಿ, ನೋವು ತಾಳೋಕಾಗದೆ ಡಾಕ್ಟರ್ ಹುಡುಕ್ಕೊಂಡು ಹೊರಟವ್ರಿಗೂ ಅವಸರ ಇರುತ್ತೆ, ಟಾಟಾ ಆಸ್ಪತ್ರೆ ಮುಂದೆ ದೂರದೂರದಿಂದ ಬಂದು ಕೂತವ್ರನ್ನ ನೋಡಿದ ಮುಂಬೈಯವ್ರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ. ಸಂಗತಿ ಒಂದೇ, ಅದರ ಮೇಲೆ ಕೂತ ಅರ್ಥ ಮಾತ್ರ ವೆಸ್ಟನ್ ಅವರದ್ದು. ನಾಲ್ಕನೇ ಕಾಲಂನಲ್ಲಿ ಏನು ಬರೀಬೇಕು ಅಂತ ಕೇಳಿದ್ರೆ, ಮಗನ್ನ ಕೊಟ್ಟುಬಿಟ್ಟ ತಂದೆ, ಕಾಯಿಲೆ ನಿಜ ಅಂತಾದ್ರೆ ಮಗ ತನ್ನ ಹತ್ರ ಬರದೇ ಇರೋದಕ್ಕೆ ಯಾರನ್ನ ದೂರ್ಬೇಕು? ನಾನು ಹಾಗೆ ಬರ್ಕೊಂಡಿದೀನಿ, ನೀವು ಬೇರೆ ಬರೀಬಹುದು.

ಈ ಹಂತದಲ್ಲಿ ಸಂಬಂಧ ಮತ್ತು ದುಡ್ಡಿನ ಲೆಕ್ಕ ಒಂದ್ಸಲ ಬಿಡಿಸಿ ಇಡ್ಲೇಬೇಕು, ಇಲ್ಲಾಂದ್ರೆ ಎಲ್ರೂ ಅವಳಿಗೆ ಯಾಕೆ ಹೆದರ್ತಾರೆ ಅನ್ನೋದು ಗಾಳಿಯಲ್ಲಿ ಉಳಿಯುತ್ತೆ. ಫ್ರ್ಯಾಂಕ್‌ನ ತಾಯಿ ಮನೆಯವ್ರಿಗೆ ಇಷ್ಟ ಇಲ್ಲದ ಮದುವೆ ಮಾಡ್ಕೊಂಡ್ಳು, ಅಣ್ಣ ಅತ್ತಿಗೆ ಇಬ್ರೂ ಸಂಬಂಧ ಕಡ್ಕೊಂಡ್ರು, ಮೂರು ವರ್ಷದಲ್ಲಿ ಆಕೆ ತೀರ್ಕೊಂಡ್ಳು, ಮಗುವನ್ನ ಅದೇ ಅಣ್ಣ ಅತ್ತಿಗೆ ಕರ್ಕೊಂಡು ಹೋಗಿ ಸಾಕಿದ್ರು, ಅವ್ರಿಗೆ ಮಕ್ಕಳಿರ್ಲಿಲ್ಲ, ಹುಡುಗ ವಯಸ್ಸಿಗೆ ಬಂದಾಗ ಚರ್ಚಿಲ್ ಅನ್ನೋ ಮನೆಹೆಸರೂ ತಗೊಂಡ. ನಮ್ಮ ಗುಂಪಿನ ಕರಾವಳಿ ಕಡೆಯವ್ರು ಇದನ್ನ ಬೇಗ ಹಿಡೀತಾರೆ, ಸೋದರಮಾವನ ಆಸ್ತಿ ಅಳಿಯನಿಗೆ ಬರೋದು ಅಳಿಯಕಟ್ಟಿನ ಮನೆತನಗಳಲ್ಲಿ ತಲೆತಲಾಂತರದಿಂದ ನಡೆದು ಬಂದಿದ್ದು. ಆದ್ರೆ ಒಂದು ದೊಡ್ಡ ವ್ಯತ್ಯಾಸ ಇದೆ, ಅಳಿಯಕಟ್ಟಿನಲ್ಲಿ ಅದು ತಾಯಿಯ ಕಡೆಯಿಂದ ಹುಟ್ಟಿನಲ್ಲೇ ಬರ್ತಿದ್ದ ಹಕ್ಕು, ಫ್ರ್ಯಾಂಕ್‌ಗೆ ಹಾಗಿಲ್ಲ, ಮಾವ ಅತ್ತೆ ಮನಸ್ಸು ಬದಲಾದ್ರೆ ಅವನ ಭವಿಷ್ಯನೂ ಬದಲಾಗುತ್ತೆ. ಅವನಿಗೆ ಇಪ್ಪತ್ಮೂರು ವಯಸ್ಸು, ಸ್ವಂತ ಸಂಪಾದನೆ ಇಲ್ಲ. ಜೇನ್‌ಗೆ ಒಂದು ಕಾಸೂ ಇಲ್ಲ, ದೊಡ್ಡ ಮನೆಗಳಲ್ಲಿ ಮಕ್ಕಳಿಗೆ ಪಾಠ ಹೇಳೋ ಕೆಲಸಕ್ಕೆ ಹೋಗೋದೊಂದೇ ಅವಳಿಗಿರೋ ದಾರಿ. ಈ ಇಬ್ರ ಮಧ್ಯೆ ಅತ್ತೆ ಕೂತಿದಾಳೆ.

ಆಮೇಲೆ ಹೊಸ ಪುಟ ತಿರುಗಿಸಿ, ಈಗ ಜನ ಹೇಳಿದ್ದನ್ನ ಪಕ್ಕಕ್ಕಿಟ್ಟು ಆಕೆ ಮಾಡಿದ್ದು ಅಂತ ಖಚಿತವಾಗಿ ಹೇಳಬಹುದಾದ್ದನ್ನ ಮಾತ್ರ ಬರೀರಿ. ಪಟ್ಟಿ ಚಿಕ್ಕದಾಗುತ್ತೆ. ತಾಯಿ ಇಲ್ಲದ ಮಗುವನ್ನ ಗಂಡನ ಜೊತೆ ಸೇರಿ ಸಾಕಿದ್ಳು. ನಾದಿನಿಯ ಮದುವೆಯನ್ನ ಒಪ್ಪಲಿಲ್ಲ. 30ನೇ ಅಧ್ಯಾಯದಲ್ಲಿ ಫ್ರ್ಯಾಂಕ್ ಬಾಲ್‌ಗೋಸ್ಕರ ಇನ್ನೂ ಸ್ವಲ್ಪ ದಿನ ಇರ್ತೀನಿ ಅಂತ ಕೇಳ್ಕೊಂಡಾಗ ಎನ್ಸ್‌ಕಂಗೆ ಇಷ್ಟ ಇರ್ಲಿಲ್ಲ, ಆದ್ರೂ ತಡೀಲಿಲ್ಲ, ಇದನ್ನ ಓದುಗರು ಮರೀತಾರೆ. ಅದಾದ್ಮೇಲೆ ಆಕೆಗೆ ತೀರಾ ಹುಷಾರಿಲ್ಲ ಅಂತ ಮಾವನ ಪತ್ರ ಬಂದು ಫ್ರ್ಯಾಂಕ್ ಹೊರಡ್ಬೇಕಾಯ್ತು, ಬಾಲ್ ನಿಂತ್ಹೋಯ್ತು. ಆಕೆ ಲಂಡನ್‌ಗೆ ಬಂದ್ಳು, ಗದ್ದಲ ತಡೆಯೋಕಾಗದೆ ಹತ್ತು ದಿನದಲ್ಲಿ ಲಂಡನ್ ಹತ್ತಿರದ ರಿಚ್ಮಂಡ್‌ಗೆ ಹೋದ್ಳು, ಅಲ್ಲಿ ಹೆಸರಾಂತ ವೈದ್ಯರೊಬ್ರಿದ್ರು. ರಿಚ್ಮಂಡ್ ಹೈಬರಿಯಿಂದ 9 ಮೈಲಿ, ಲಂಡನ್ 16, ಆ ಹತ್ತಿರದಿಂದಲೇ ಫ್ರ್ಯಾಂಕ್ ಬಂದು ಹೋಗೋಕೆ ಆಗಿ ಬಾಲ್ ನಡೀತು. ಆಮೇಲೆ ಸತ್ತಳು.

ಒಂದೇ ಬಾಯಿ ಬೇರೆ ಬೇರೆ ತಿಂಗಳಲ್ಲಿ ಏನು ಹೇಳುತ್ತೆ ಅಂತ ಪಕ್ಕಪಕ್ಕ ಇಡೋದು ಇನ್ನೊಂದು ಕೆಲಸ. ಹೈಬರಿಯಲ್ಲಿ ಆಕೆ ಬಗ್ಗೆ ಮಾತಾಡೋ ಇಷ್ಟು ಜನರಲ್ಲಿ ಆಕೆ ಜೊತೆ ಒಂದೇ ಸೂರಿನ ಕೆಳಗೆ ಬದುಕ್ತಿರೋನು ಫ್ರ್ಯಾಂಕ್ ಒಬ್ಬನೇ, ಅದಕ್ಕೇ ಅವನ ಸಾಕ್ಷಿಗೆ ತೂಕ ಜಾಸ್ತಿ. 30ನೇ ಅಧ್ಯಾಯದಲ್ಲಿ, ಫೆಬ್ರವರಿಯಲ್ಲಿ, ಅವನ ನಿಲುವು ಏನಂದ್ರೆ ಆಕೆ ಕಾಯಿಲೆ ಆಕೆಗೆ ಬೇಕಾದಾಗ ಮಾತ್ರ ಬರುತ್ತೆ ಅಂತ. 37ನೇ ಅಧ್ಯಾಯಕ್ಕೆ ಬನ್ನಿ, ವಸಂತ ಬಂದಿದೆ, ತಂದೆ ಎಷ್ಟು ಅನುಮಾನ ಪಟ್ರೂ ಅವನು ಕಾಯಿಲೆ ಬರೀ ಕಲ್ಪನೆ ಅಂತ ಹೇಳೋಕೆ ಒಪ್ಪಲ್ಲ, ಆರು ತಿಂಗಳ ಹಿಂದೆ ಇದ್ದಿದ್ದಕ್ಕಿಂತ ಬಡವಾಗಿದಾಳೆ ಅಂತಾನೆ, ಆರೈಕೆ ಔಷಧಿಯಿಂದ ಸರಿ ಹೋಗುತ್ತೆ ಅಂತಾನೂ ನಂಬಿದಾನೆ. ಕಣ್ಣಾರೆ ಕಂಡ ಒಬ್ಬನೇ ಸಾಕ್ಷಿ ತನ್ನ ಹೇಳಿಕೆ ಬದಲಾಯಿಸಿದಾನೆ. ಊರು ಅದನ್ನ ಕಿವಿಗೆ ಹಾಕ್ಕೊಳಲ್ಲ. ಮೊದಲ ಓದಿನಲ್ಲಿ ನಾವೂ ಆ ಊರಿನ ಜೊತೆಗೇ ಇರ್ತೀವಿ, ಆ ವಾಕ್ಯ ಕಣ್ಣಿಗೆ ಬಿದ್ದಿರುತ್ತೆ, ಮನಸ್ಸಿಗೆ ಇಳಿದಿರಲ್ಲ.

ಇನ್ನು, ಕಾಣದ ಪಾತ್ರವನ್ನ ಕಾಣೋ ಪಾತ್ರದ ಪಕ್ಕ ಕೂರಿಸಿ ಅಳೀಬೇಕು. ಈ ಕಾದಂಬರಿಯಲ್ಲಿ ಅದಕ್ಕೆ ಸರಿಯಾದ ಜೋಡಿ ಎಮ್ಮಾಳ ತಂದೆ ವುಡ್‌ಹೌಸ್. ಅವರಿಗೂ ಆರೋಗ್ಯದ ಚಿಂತೆ ದಿನದ ಇಪ್ಪತ್ನಾಲ್ಕು ಗಂಟೆ, ಗಾಳಿ ಆಗಲ್ಲ, ಮದುವೆ ಕೇಕ್ ಯಾರೂ ತಿನ್ಬಾರ್ದು, ಮಗಳು ಮನೆ ಬಿಟ್ಟು ಹೋಗೋ ಮಾತೇ ಸಹಿಸಲ್ಲ. ಆದ್ರೆ ಅವರನ್ನ ಎಲ್ರೂ ಪ್ರೀತಿಸ್ತಾರೆ, ಯಾಕಂದ್ರೆ ಅವರು ನಮ್ಮ ಕಣ್ಮುಂದೆ ಶಾಲು ಹೊದ್ಕೊಂಡು ಗಂಜಿ ಕುಡೀತಾ ಕೂತಿರ್ತಾರೆ, ಅವರ ಮೃದು ಮಾತು ನಮ್ಮ ಕಿವಿಗೆ ಬೀಳುತ್ತೆ. ಈಗ ಲೆಕ್ಕ ಹಾಕಿ, ಎಮ್ಮಾ ಸಮುದ್ರ ನೋಡಿಲ್ಲ, ಹೈಬರಿಯಿಂದ 7 ಮೈಲಿ ದೂರದ ಬಾಕ್ಸ್ ಹಿಲ್ ಗುಡ್ಡಕ್ಕೂ ಕಥೆಯಲ್ಲಿ ಬರೋ ಪಿಕ್ನಿಕ್‌ವರೆಗೆ ಹೋಗಿರ್ಲಿಲ್ಲ. ಗಟ್ಟಿ ಅತ್ತೆಯ ಹಿಡಿತದಲ್ಲಿದಾನೆ ಅಂತ ಊರೆಲ್ಲಾ ಮರುಗೋ ಫ್ರ್ಯಾಂಕ್ ಮಾತ್ರ ವೇಮತ್ ಸಮುದ್ರದಲ್ಲಿ ತಿರುಗಾಡಿ ಬಂದಿದಾನೆ. ಈ ಹೋಲಿಕೆ ಗುಂಪಲ್ಲಿ ಇಟ್ಟಾಗ ಜನ ಒಪ್ಪೋಕೆ ತಯಾರಿರಲ್ಲ, ವುಡ್‌ಹೌಸ್ ಮೇಲೆ ಅಷ್ಟು ಮಮತೆ ಇರುತ್ತೆ, ವಾದ ಜೋರಾಗುತ್ತೆ. ಆಗ್ಲಿ ಬಿಡಿ. ಕಂಡ ಮುಖಕ್ಕೆ ನಾವು ಎಷ್ಟು ಸಲೀಸಾಗಿ ಮಾಫಿ ಕೊಡ್ತೀವಿ ಅಂತ ಅಲ್ಲೇ ಗೊತ್ತಾಗೋದು.

45ನೇ ಅಧ್ಯಾಯ ಒಬ್ರೇ ಓದ್ತಿದ್ರೂ ಬಾಯಿ ಬಿಟ್ಟು ಓದಿ. ಫ್ರ್ಯಾಂಕ್ ರಿಚ್ಮಂಡ್‌ಗೆ ವಾಪಸ್ ಹೋಗಿ 36 ಗಂಟೆ ಆಗೋದ್ರೊಳಗೆ ಆಕೆ ಹೋಗ್ಬಿಡ್ತಾಳೆ, ಅಲ್ಲಿವರೆಗೆ ಇದ್ದ ಕಾಯಿಲೆಯಿಂದಲೂ ಅಲ್ಲ, ಬೇರೇನೋ ಹಠಾತ್ ಬಂದು. ಇಪ್ಪತ್ತೈದು ವರ್ಷ ಯಾರಿಗೂ ಬೇಡವಾಗಿದ್ದವಳ ಬಗ್ಗೆ ಈಗ ಎಲ್ರೂ ಕನಿಕರದಿಂದ ಮಾತಾಡ್ತಾರೆ, ಒಂದು ವಿಷಯದಲ್ಲಿ ಆಕೆ ಪೂರ್ತಿ ಗೆದ್ದಳು, ಕಾಯಿಲೆ ನಿಜ ಅಂತ ಈಗ ಎಲ್ರೂ ಒಪ್ಪಿದ್ರು ಅಂತ ಆಸ್ಟಿನ್ ಬರೀತಾರೆ. ಪಾಪ, ಎಷ್ಟು ನೋವು ತಿಂದಿದ್ಳೋ, ಸದಾ ನೋವಿದ್ರೆ ಯಾರಿಗಾದ್ರೂ ಸಿಟ್ಟು ಬರುತ್ತೆ ಅನ್ನೋ ಮಾತು ಊರಲ್ಲಿ ಹಬ್ಬುತ್ತೆ, ಅಧ್ಯಾಯ 36ರಲ್ಲಿ ನಂಬಿಕೆ ಇಲ್ಲ ಅಂದಿದ್ದ ವೆಸ್ಟನ್ ಕೂಡ ತಲೆ ಆಡಿಸಿ, ಅಯ್ಯೋ ಪಾಪ, ಹೀಗಾಗುತ್ತೆ ಅಂತ ಯಾರು ಅಂದ್ಕೊಂಡಿದ್ರು ಅಂತಾರೆ. ಎರಡು ಅಧ್ಯಾಯದ ವೆಸ್ಟನ್ ಮಾತನ್ನ ಇಬ್ರ ಕೈಲಿ ಒಂದಾದ ಮೇಲೊಂದು ಓದಿಸಿ. ಆ ಮೇಲೆ ಚರ್ಚೆ ಬೇಡ, ಟೀ ಕೊಡಿ.

ಈಗ ಬರೋದು ನಮ್ಮ ಗುಂಪಲ್ಲಿ ಎಲ್ರಿಗೂ ಪ್ರೀತಿಯ ಭಾಗ. ತಾಳಮದ್ದಳೆ ಗೊತ್ತಿರೋರಿಗೆ ಹೇಳೋದೇ ಬೇಡ, ಮುಂಬೈಯಲ್ಲಿ ಕರಾವಳಿಯವ್ರು ಇರೋ ಕಡೆಯೆಲ್ಲಾ ಅದು ನಡೆಯುತ್ತೆ, ವೇಷ ಇಲ್ಲ ಕುಣಿತ ಇಲ್ಲ, ಭಾಗವತರು ಪದ್ಯ ಹೇಳ್ತಾರೆ, ಅರ್ಥಧಾರಿಗಳು ಕೂತಲ್ಲೇ ತಮ್ಮ ತಮ್ಮ ಪಾತ್ರದ ಪರವಾಗಿ ಮಾತಾಡ್ತಾರೆ, ರಾವಣನಿಗೂ ಕೌರವನಿಗೂ ಅಲ್ಲಿ ವಾದ ಇದೆ. ಕಾಣದ ಪಾತ್ರಕ್ಕೆ ಇದಕ್ಕಿಂತ ಒಳ್ಳೇ ದಾರಿ ನನಗೆ ಸಿಕ್ಕಿಲ್ಲ. ಪದ್ಯದ ಜಾಗದಲ್ಲಿ ಕಾದಂಬರಿಯ ಒಂದು ಪ್ಯಾರಾ ಒಬ್ರು ಓದ್ಬೇಕು, ಆಮೇಲೆ ಒಬ್ರು ಮಿಸೆಸ್ ಚರ್ಚಿಲ್ ಆಗಿ, ಇನ್ನೊಬ್ರು ಫ್ರ್ಯಾಂಕ್ ಆಗಿ ಅರ್ಥ ಹೇಳ್ಬೇಕು. ಒಂದೇ ನಿಯಮ, ನೋಟ್‌ಬುಕ್‌ನ ಎರಡನೇ ಪುಟದಲ್ಲಿ ಬರೆದ ಸಂಗತಿಗಳಿಂದ ಆಚೆ ಹೋಗಬಾರದು, ಇಲ್ಲದ ಕಥೆ ಕಟ್ಟೋ ಹಾಗಿಲ್ಲ. ಅತ್ತೆ ಪಾತ್ರಕ್ಕೆ ಆಕೆಯನ್ನ ಕಂಡ್ರೆ ಆಗದವ್ರನ್ನೇ ಕೂರಿಸಿ, ಆಗ ವಾದಕ್ಕೆ ಬಲ ಬರುತ್ತೆ.

ನಮ್ಮಲ್ಲಿ ಉಡುಪಿ ಕಡೆಯ ಟೀಚರ್ ಅಕ್ಕ ಒಬ್ರು ಅತ್ತೆಯಾದ್ರು. "ಮಗನೇ ಫ್ರ್ಯಾಂಕ್, ತಾಯಿ ಹೋದ ನಿನ್ನನ್ನ ಎತ್ಕೊಂಡು ಬಂದವ್ಳು ನಾನು. ನಿನ್ನ ಅಪ್ಪ ವರ್ಷಕ್ಕೊಮ್ಮೆ ಲಂಡನ್ನಿನಲ್ಲಿ ನೋಡಿ ಹೋಗುತ್ತಿದ್ದರು, ನಾನು ದಿನಾ ನೋಡಿದ್ದೇನೆ. ಜೇನ್ ಅಂತ ಒಬ್ಬ ಹುಡುಗಿ ಇದ್ದಾಳೆ ಅಂತ ಒಂದು ದಿನ ನನ್ನ ಹತ್ತಿರ ಬಾಯಿ ಬಿಟ್ಟಿದ್ದೀಯಾ? ಕೇಳದೇ ಇದ್ದ ಪ್ರಶ್ನೆಗೆ ನಾನು ಬೇಡ ಅಂದೆ ಅಂತ ಹೇಗೆ ಹೇಳಿದೆ?" ಅಂದ್ರು. ಕೋಣೆಯಲ್ಲಿ ಎಲ್ರೂ ಸುಮ್ಮನಾದ್ರು. ಫ್ರ್ಯಾಂಕ್ ಆಗಿದ್ದವ್ರು ಧಾರವಾಡ ಕಡೆಯ ಕಾಕಾ, ಅವರು ಬಿಡೋರಲ್ಲ. "ಅತ್ತೀ, ನಾ ಕೇಳಿದ್ರ ನೀವು ಏನಂತಿದ್ರಿ ಅನ್ನೂದು ನನಗ ಕೇಳದನ ಗೊತ್ತಿತ್ತು. ನಮ್ಮವ್ವ ತಾ ಮೆಚ್ಚಿದವ್ರನ್ನ ಮದಿವಿ ಆದಾಗ ನಿಮ್ಮ ಮನ್ಯಾಗ ಏನಾತು? ಆಕೀನ ಬಿಟ್ಟು ಬಿಟ್ರಿ. ಅದ ಮನ್ಯಾಗ ಬೆಳದಂವಗ ಇನ್ನೇನ ಧೈರ್ಯ ಬರತದರಿ?" ಅಂತ ಕೇಳಿದ್ರು. ಅದಕ್ಕೆ ಅಕ್ಕ ಉತ್ತರ ಕೊಡ್ಲಿಲ್ಲ, ಕಾದಂಬರಿಯಲ್ಲಿ ಉತ್ತರ ಇಲ್ಲ, ನಿಯಮ ಅಂದ್ರೆ ನಿಯಮ. ಆ ಮದುವೆಗೆ ಸಿಟ್ಟಾಗಿದ್ದು ಗಂಡನಾ ಹೆಂಡತಿಯಾ ಅಂತ ಬೇರ್ಪಡಿಸಿ ಹೇಳೋಕೂ ಆಗಲ್ಲ, ಇಬ್ರನ್ನೂ ಒಟ್ಟಿಗೆ ಸೇರಿಸಿಯೇ ಹೇಳಿದಾರೆ.

ಇದು ಮುಗಿದ ಮೇಲೆ 46 ಮತ್ತು 50. ಆಕೆ ಇದ್ದಿದ್ರೆ ಈ ಮದುವೆಗೆ ಆಸೆಯೇ ಇರ್ಲಿಲ್ಲ, ಆಕೆ ದೇಹ ಮನೆತನದ ಗೋರಿ ಸೇರಿ ಇನ್ನೂ ಸರಿಯಾಗಿ ಆರಿಲ್ಲ, ಅಷ್ಟರಲ್ಲಿ ಗಂಡ ಆಕೆಗೆ ಒಪ್ಪಿಗೆ ಆಗದ್ದನ್ನೇ ಮಾಡೋಕೆ ಒಪ್ಕೊಂಡ್ರು ಅನ್ನೋ ಹಾಗೆ ಮಿಸೆಸ್ ವೆಸ್ಟನ್ ಮಾತಾಡ್ತಾರೆ. ಇದನ್ನ ಅತ್ತೆ ವಿರುದ್ಧದ ದೊಡ್ಡ ಸಾಕ್ಷಿಯಾಗಿ ತಗೋಬೇಕು, ಮಿಸ್ಟರ್ ಚರ್ಚಿಲ್ ಅಷ್ಟು ಬೇಗ ಒಪ್ಪಿದ್ರು ಅಂದ್ರೆ ಆ ಮನೇಲಿ ಮಾತು ನಡೀತಿದ್ದಿದ್ದು ಆಕೆಯದ್ದೇ. ಆಕೆಯನ್ನ ದೇವತೆ ಮಾಡೋಕೆ ನಾನು ಇದೆಲ್ಲಾ ಬರೀತಿಲ್ಲ. ಅತ್ತೆ ಕಟ್ಟುನಿಟ್ಟಿನವ್ಳು, ಪ್ರಾಯಶಃ ಜೇನ್‌ನ ಒಪ್ತಾನೂ ಇರ್ಲಿಲ್ಲ.

ಆದ್ರೆ 50ನೇ ಅಧ್ಯಾಯದಲ್ಲಿ ಫ್ರ್ಯಾಂಕ್ ಮಿಸೆಸ್ ವೆಸ್ಟನ್‌ಗೆ ಬರೆದ ಉದ್ದ ಪತ್ರ ಪೂರ್ತಿ ಇದೆ, ಅದನ್ನ ನಿಧಾನಕ್ಕೆ ಓದಿ. ಒಂದು ಕಡೆ ಅವನೇ ಒಪ್ಕೊಳ್ತಾನೆ, ಮಿಸ್ ಫೇರ್‌ಫ್ಯಾಕ್ಸ್ ಹೈಬರಿಗೆ ಬರೋವರೆಗೆ ನಾನು ಬರ್ಲಿಲ್ಲ, ನೀವೇ ಹಿಂದಕ್ಕೆ ಹೋಗಿ ನೋಡಿದ್ರೆ ಗೊತ್ತಾಗುತ್ತೆ ಅಂತ. ಈಗ ನೋಟ್‌ಬುಕ್ ತೆಗೆದು 14 ಮತ್ತು 18ನೇ ಅಧ್ಯಾಯದ ಸಾಲುಗಳನ್ನ ನೋಡಿ, ಹೊಸ ತಾಯಿಯನ್ನ ನೋಡೋಕೆ ಮಗ ಬರ್ಲಿಲ್ಲ, ಅತ್ತೆ ಬಿಡ್ಲಿಲ್ಲ, ಪಾಪ ಹುಡುಗ ಅಂತ ಎಷ್ಟು ಜನ ಎಷ್ಟು ಮಾತಾಡಿದ್ರು. ಜೇನ್ ಬಂದ ಕೆಲವೇ ವಾರದಲ್ಲಿ ಅದೇ ಅತ್ತೆ ಇರುವಾಗಲೇ ಅವನು ಬಂದ. ನಮ್ಮ ಕೋಷ್ಟಕದಲ್ಲಿ ಎಲ್ಲಾ ಬಾಯಿಗಳ ಮುಂದೆ ನಾಲ್ಕನೇ ಕಾಲಂ ತುಂಬಿದ್ರೂ ಫ್ರ್ಯಾಂಕ್ ಹೆಸರಿನ ಮುಂದೆ ಮಾತ್ರ ಏನು ಬರೀಬೇಕು ಅಂತ ಹೊಳೆದಿರಲ್ಲ, ಅದು ಇಲ್ಲಿ ತುಂಬುತ್ತೆ. ಬರದೇ ಇದ್ದ ದಿನಗಳಿಗೆ ಆಕೆ ಹೆಸರು ಅವನಿಗೆ ಕೆಲಸಕ್ಕೆ ಬಂತು. ಎಮ್ಮಾ ಜೊತೆ ಎಲ್ರೆದುರು ಸಲುಗೆ ತೋರಿಸಿ ಜೇನ್‌ಗೆ ಅಷ್ಟು ನೋವು ಮಾಡಿದ್ದೂ ಗುಟ್ಟು ಕಾಪಾಡೋಕೆ ಅಂತ, ಆ ಗುಟ್ಟು ಅತ್ತೆಗೋಸ್ಕರ ಅಂತ, ಆದ್ರೆ ಎಮ್ಮಾ ಜೊತೆ ಚೆಲ್ಲಾಟ ಆಡು ಅಂತ ಯಾವ ಅತ್ತೆಯೂ ಹೇಳಿರ್ಲಿಲ್ಲ.

ಗುಂಪಿನವ್ರಿಗೆ ಎರಡು ಪ್ರಾಕ್ಟಿಕಲ್ ಮಾತು. ಈ ಕೆಲಸ ಒಂದೇ ಕೂತಲ್ಲಿ ಮುಗಿಯಲ್ಲ, ಕಾಲಂಗಳಿಗೆ ಒಂದು ಭಾನುವಾರ, ಅರ್ಥ ಹೇಳೋಕೆ ಒಂದು, ಪತ್ರಕ್ಕೆ ಒಂದು ಅಂತ ಇಟ್ಕೊಳ್ಳಿ. ದಿನ ಗೊತ್ತು ಮಾಡೋ ಮೊದ್ಲು ಮೆಗಾಬ್ಲಾಕ್, ಅಂದ್ರೆ ಹಳಿ ರಿಪೇರಿಗೆ ಲೋಕಲ್ ಟ್ರೇನ್ ನಿಲ್ಲಿಸೋದು, ಯಾವ ಲೈನಲ್ಲಿ ಅಂತ ನೋಡಿ, ಸೆಂಟ್ರಲ್ ಲೈನ್‌ನವ್ರು ಅರ್ಧ ದಾರೀಲಿ ಸಿಕ್ಕಾಕ್ಕೊಂಡ್ರೆ ಫ್ರ್ಯಾಂಕ್ ಇಲ್ಲದೆ ಅತ್ತೆ ಒಬ್ಳೇ ವಾದ ಮಾಡ್ಬೇಕಾಗುತ್ತೆ. ಇಂಗ್ಲಿಷ್ ಓದೋಕೆ ಕಷ್ಟ ಅನ್ನೋರಿಗೆ ಪ್ಯಾರಾ ಓದಿದವ್ರೇ ಕನ್ನಡದಲ್ಲಿ ಸಾರಾಂಶ ಹೇಳ್ಲಿ, ಅವರನ್ನ ಹೊರಗಿಡಬೇಡಿ, ನಮ್ಮಲ್ಲಿ ಅತ್ಯಂತ ಗಟ್ಟಿ ಪ್ರಶ್ನೆಗಳು ಅವರಿಂದಲೇ ಬಂದಿವೆ.

ಅತ್ತೆ ಮುಗಿದ್ರೆ ಅದೇ ಕಾದಂಬರಿಯಲ್ಲಿ ಇನ್ನೊಬ್ಬ ಕಾಣದ ಮನುಷ್ಯ ಕಾಯ್ತಿದಾನೆ, ಜೇನ್‌ನ ಗೆಳತಿಯ ಗಂಡ ಮಿಸ್ಟರ್ ಡಿಕ್ಸನ್. ಅವನು ಐರ್ಲೆಂಡ್‌ನಲ್ಲಿದಾನೆ, ಹೈಬರಿಗೆ ಬರೋದೇ ಇಲ್ಲ, ಆದ್ರೂ ಎಮ್ಮಾ ಅವನನ್ನೂ ಜೇನ್‌ನನ್ನೂ ಸೇರಿಸಿ ಮನಸ್ಸಲ್ಲೇ ಒಂದು ಪ್ರೇಮಕಥೆ ಕಟ್ಟಿಬಿಡ್ತಾಳೆ, ಫ್ರ್ಯಾಂಕ್ ಹತ್ರ ಅದನ್ನ ಹೇಳ್ಕೊಳ್ತಾಳೆ ಕೂಡ, ಫ್ರ್ಯಾಂಕ್ ತಡೆಯಲ್ಲ. 19ನೇ ಅಧ್ಯಾಯದಿಂದ ಶುರು ಮಾಡಿ, ವೇಮತ್‌ನಲ್ಲಿ ದೋಣಿಯಿಂದ ನೀರಿಗೆ ಬೀಳ್ತಿದ್ದ ಜೇನ್‌ನ ಡಿಕ್ಸನ್ ಬಟ್ಟೆ ಹಿಡಿದು ಉಳಿಸಿದ ಅಂತ ಅವಳ ದೊಡ್ಡಮ್ಮ ಮಿಸ್ ಬೇಟ್ಸ್ ಹೇಳೋ ಜಾಗ. ಮಿಸ್ ಬೇಟ್ಸ್ ಆ ದೋಣಿಯಲ್ಲಿರ್ಲಿಲ್ಲ, ಮೂರನೇ ಕಾಲಂನಲ್ಲಿ ಕೇಳಿದ್ದು ಅಂತ ಬರೀರಿ, ನಾಲ್ಕನೇದು ಅವರ ಮಟ್ಟಿಗೆ ಬರೀ ತಂಗಿ ಮಗಳ ಮೇಲಿನ ಪ್ರೀತಿ. ಅದೇ ಮಾತು ಎಮ್ಮಾಳ ಕಿವಿಗೆ ಬಿದ್ದ ಮೇಲೆ ನಾಲ್ಕನೇ ಕಾಲಂ ಹೇಗೆ ಬದಲಾಗುತ್ತೆ ಅಂತ 26ನೇ ಅಧ್ಯಾಯದವರೆಗೆ, ಜೇನ್ ಮನೆಗೆ ಯಾರು ಕಳಿಸಿದ್ರು ಅಂತ ಗೊತ್ತಿಲ್ಲದ ಪಿಯಾನೊ ಬಂದ ಸುದ್ದಿವರೆಗೆ, ಹಿಂದೆ ಬಿಡದೆ ನೋಡ್ತಾ ಹೋಗಿ.